ಹಗ್ಗ ಹಿಡಿದ ಮೂರು ನಿಮಿಷ

ನಾನು ಹಗ್ಗ ಎಳೆದದ್ದು ತಮಾಷೆಗೆ. ದೇವರಾಣೆ, ತಮಾಷೆಗೆ!

ಕಳಕವ್ವ ಅತ್ತಿ ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದಳು. ಉದ್ದ ಎಳೆಗಳನ್ನು ಬಿಗಿಯಾಗಿ ಹಿಡಿದಿಡುವ ಹಗ್ಗ ಪಕ್ಕದ ಗೂಟಕ್ಕೆ ಕಟ್ಟಿತ್ತು. ಒಮ್ಮೆ ಜಗ್ಗಿದೆ. ಗೂಟವೇ ಕಿತ್ತು ಬಂತು! ಎಳೆಗಳೆಲ್ಲ ಜೋತುಬಿದ್ದು ಲಾಳಿ ನಡುವೆ ಸಿಕ್ಕಿಕೊಂಡಿತು.

"ಯಮನ್ಯಾ! ನಿನ್ನ ಕೈ ಸೇದಿ ಹೋಗಲಿ!"

"ಇಂಟರ್ವಲ್ ಟ್ವಿಸ್ಟ್ ರೀ ಅತ್ತಿ!"

ಅವಳ ಮಗಳು ನಾಗರತ್ನಾ ತಿರುಗಿ ನೋಡಿದಳು. ಮೊದಲು ಸಿಟ್ಟು, ಆಮೇಲೆ ತುಟಿಯಂಚಿನಲ್ಲಿ ನಗು, ನಗು ನನಗೆ ಕಂಡಿತಲ್ಲ ಅಂತ ಮತ್ತೆ ಸಿಟ್ಟು. ನನ್ನ ಎದೆಯಲ್ಲಿ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಶುರು.

"ವಿಡಿಯೋ ಮಾಡಾಕ ಕರದ್ರ ಮಗ್ಗ ಕೆಡಸ್ತಿಯೇನೋ? ನಾಕಕ್ಕ ಕಳಸಬೇಕು. ಈಗ ಮೂರೂವರಿ!"

ನಾನು ಯಮನೂರ, ಅತ್ತಿಯ ಬಾಯಲ್ಲಿ ಯಮನ್ಯಾ. ಬಸ್ ಸ್ಟ್ಯಾಂಡ್ ಹತ್ತಿರ ನನ್ನದು ಮೊಬೈಲ್ ರಿಪೇರಿ ಅಂಗಡಿ. ರತ್ನಾಗೆ ಮೆದುಳಿನ ಲ್ಯಾಬೊಂದರಲ್ಲಿ ಸಂಶೋಧನೆಯ ಸೀಟು ಬೇಕು. ಅದಕ್ಕೆ ತನ್ನ ವಿಷಯವಾದ ಗಾಬಾ ರಿಸೆಪ್ಟರ್ ಬಗ್ಗೆ ಮೂರೇ ನಿಮಿಷದಲ್ಲಿ, ಯಾರಿಗೂ ತಿಳಿಯುವ ಹಾಗೆ ಹೇಳಿ ಕಳಿಸಬೇಕು. ಹನ್ನೊಂದು ಟೇಕ್ ಆಗಿದ್ದವು. ಆರು ಅತ್ತಿಯ ಆಕಳಿಕೆಗೆ ಹೋದವು, ಐದು ನನ್ನ ಡೈಲಾಗಿಗೆ.

"ಆ ಗಾಬಾ ರಿಸೆಪ್ಟರ್ ಅಂದ್ರ ಏನ್ ಅಂತ ನನಗರ ಹೇಳ," ಅಂದೆ.

"ಮೆದುಳಿನ್ಯಾಗ ಒಂದ್ ನರಕೋಶ ಇನ್ನೊಂದಕ್ಕ ಸುದ್ದಿ ದಾಟಸ್ತೈತಿ. ಎಲ್ಲಾ ಸುದ್ದಿ ದಾಟಿದ್ರ ಬರೇ ಗದ್ದಲ. ಗಾಬಾ ಅನ್ನೋ ರಾಸಾಯನಿಕ ಈ ರಿಸೆಪ್ಟರ್ ಮ್ಯಾಲ ಬಂದು ಕುಂತ್ರ ಸಣ್ಣ ಬಾಗಲಾ ತೆರದು ಕ್ಲೋರೈಡ್ ಒಳಗ ಹೋಗ್ತೈತಿ. ಕೋಶ ಸುಮ್ಮನಾಗ್ತೈತಿ. ನಿನ್ನ ತಲ್ಯಾಗ ಅವು ರಜಾದ ಮ್ಯಾಲ ಅದಾವ."

"ತಡಿಯೋದ ಕೆಲಸಾ? ಹಂಗಾರ ವಿಲನ್!"

"ಹುಚ್ಚಪ್ಯಾಲಿ," ಅತ್ತಿ ಹಗ್ಗವನ್ನು ನನ್ನ ಕೈಗೆ ತುರುಕಿದಳು. "ಗೂಟ ಕಿತ್ತಾಂವ ನೀನ, ನೀನ ಹಿಡಿ. ಹಗ್ಗ ನೇಯಂಗಿಲ್ಲ ಖರೇ, ಅದು ಹಿಡೀಲಿಲ್ಲಂದ್ರ ಸೀರಿನ ಇಲ್ಲ. ಪೂರಾ ಬಿಟ್ರ ಸಿಕ್ಕು. ಬಿಗದ ಇಟ್ರ ನೇದದ್ದು ಮುಂದ ಸರಿಯಂಗಿಲ್ಲ. ಗೇಣು ನೇದಮ್ಯಾಲ ಚೂರ ಸಡಲಿಸಿ, ಸುತ್ತಿ, ಮತ್ತ ಬಿಗೀಬೇಕು."

ರತ್ನಾ ಎದ್ದೇ ನಿಂತಳು. "ಅವ್ವಾ! ಮೆದುಳು ಕಲಿಯೋದೂ ಹಂಗ! ಸರಿಯಾದ ಹೊತ್ತಿಗೆ ಆ ತಡೆ ಚೂರ ಸಡಲಾದ್ರನ ಹೊಸಾ ಜೋಡಣಿ ಗಟ್ಟಿ ಆಗೋದು. ಪೂರಾ ಸಡಲಾದ್ರ ಫಿಟ್ಸು! ಯಮನೂರ, ಹಗ್ಗ ಹಿಡಕೊಂಡ ಕುಂದ್ರು. ಈ ಸಲ ಒಂದ್ ಮಾತಾಡಿದ್ಯೋ, ನಿನ್ನ ಜೋಡಿ ಇದ ನನ್ನ ಕಡೀ ಮಾತು!"

ಮೊಬೈಲು ಸ್ಟ್ಯಾಂಡಿನ ಮೇಲೆ. ಹನ್ನೆರಡನೇ ಟೇಕ್.

ಅವಳು ಮಾತಾಡುತ್ತ ಎಳೆಗಳನ್ನು ತೋರಿಸಿದಳು. ಬೆರಳು ಹಗ್ಗದುದ್ದಕ್ಕೂ ಬಂದು ನನ್ನ ಮುಷ್ಟಿಯ ಮೇಲೆ ನಿಂತಿತು. "ಇದು ರಿಸೆಪ್ಟರ್," ಅಂದಳು ಕ್ಯಾಮೆರಾಗೆ.

ಹದಿನೇಳು ಡೈಲಾಗ್ ನಾಲಿಗೆ ತುದಿಗೆ ಬಂದವು. ಹದಿನೇಳನ್ನೂ ನುಂಗಿದೆ.

ಮೂರು ಐವತ್ತಕ್ಕೆ ವಿಡಿಯೋ ಹೋಯಿತು. ಅತ್ತಿ ಮತ್ತೆ ನೇಯತೊಡಗಿದಳು. ನಾನು ಹಗ್ಗ ಹಿಡಿದೇ ಇದ್ದೆ.

"ಈಗರ ಮಾತಾಡೋ," ರತ್ನಾ ಪಕ್ಕದಲ್ಲಿ ಕೂತಳು.

ಎರಡು ವರ್ಷದಿಂದ ಕನ್ನಡಿ ಮುಂದೆ ಮಾಡಿದ ಪ್ರಾಕ್ಟೀಸೆಲ್ಲ ಮಾಯ.

"ನೀ ಅಂದ್ರ ನನಗ ಭಾಳ ಇಷ್ಟ, ರತ್ನಾ."

"ಅಷ್ಟನಾ? ಇಷ್ಟ ಸಣ್ಣ ಡೈಲಾಗಾ?"

"ಪೂರಾ ಬಿಟ್ರ ಸಿಕ್ಕ ಆಗ್ತೈತಲ್ಲ."

ಅವಳು ನಗಲಿಲ್ಲ. ನನ್ನ ಮುಷ್ಟಿಯ ಮೇಲೆ ಮತ್ತೆ ಕೈಯಿಟ್ಟಳು. ಈ ಸಲ ಕ್ಯಾಮೆರಾ ಆಫ್ ಆಗಿತ್ತು.

"ಯಮನ್ಯಾ," ಅತ್ತಿ ತಲೆಯೆತ್ತದೆ ಅಂದಳು, "ಗೇಣು ಮುಗೀತು. ಸಡಲಿಸು."

ಹಗ್ಗವನ್ನಷ್ಟೇ ಸಡಲಿಸಿದೆ.