ಸರಿ, ಮುಂದಿನ ಪ್ರಶ್ನೆ

"ಅವರಿಗೆ ಅರ್ಥ ಆಗಿಲ್ಲ ಮೇಡಂ. ನಿಮಗೆ ಬೇಜಾರಾಗಬಾರದು ಅಂತ ತಲೆ ಆಡಿಸ್ತಿದ್ದಾರೆ, ಅಷ್ಟೇ."

ಬರೆಯುತ್ತಿದ್ದ ಅವಳ ಪೆನ್ನು ನಿಂತಿತು. ಮೇಜಿನಾಚೆ ಮೊಬೈಲ್ ಹಿಡಿದು ಕುಳಿತಿದ್ದ ಮುದುಕ ಗಾಬರಿಯಿಂದ ಇಬ್ಬರ ಮುಖವನ್ನೂ ನೋಡಿದ.

"ನೀವು ದುಭಾಷಿ," ಎಂದಳು ಅವಳು. "ಅವರು ಹೇಳಿದ್ದನ್ನ ನನಗೆ ಹೇಳಿ, ನಾನು ಕೇಳಿದ್ದನ್ನ ಅವರಿಗೆ ಹೇಳಿ. ಮಧ್ಯೆ ನಿಮ್ಮ ಅಭಿಪ್ರಾಯ ಬೇಡ."

ದುಭಾಷಿ ತಲೆಯಾಡಿಸಿದ. ಆದರೆ ನೋಟ ಮಾತ್ರ ತಗ್ಗಲಿಲ್ಲ.

'ಎಂಥ ಅಧಿಕಪ್ರಸಂಗಿ...' ಎಂದುಕೊಂಡಳು. ಸಂಜೆ ಮನೆಗೆ ಹೋಗಿ ಅಕ್ಕನ ಮುಂದೆ ಅರ್ಧ ಗಂಟೆ ಅವನನ್ನೇ ಬೈದಳು.

"ಇಷ್ಟು ಹೊತ್ತು ನೀನು ಯಾರನ್ನೂ ಬೈದಿಲ್ಲ ಕಣೇ," ಎಂದಳು ಅಕ್ಕ, ಬಟ್ಟೆ ಮಡಿಸುತ್ತಾ. "ನೋಡೋಕೆ ಚೆನ್ನಾಗಿದ್ದಾನಾ?"

"ಅಕ್ಕಾ, ಸುಮ್ನಿರು."

ಚೆನ್ನಾಗಿಯೇ ಇದ್ದ. ಅದೇ ಅವಳ ತಲೆನೋವು.

ಹೊಸ ಆ್ಯಪ್ ಒಂದು ಜನರ ಕೈಗೆ ಹೋಗುವ ಮೊದಲು, ಅದನ್ನು ಬಳಸಬೇಕಾದವರ ಮುಂದಿಟ್ಟು, ಅವರು ಎಲ್ಲಿ ಎಡವುತ್ತಾರೆ ಎಂದು ನೋಡಿ ಸರಿಪಡಿಸುವುದು ಅವಳ ಕೆಲಸ. ಓದು ಬಾರದವರು, ಕಣ್ಣು ಮಂಜಾದವರು, ದೂರದ ದೇಶಗಳಿಂದ ಬಂದು ಬೇರೆ ಭಾಷೆ ಆಡುವವರು, ಯಾರೂ ಹೊರಗುಳಿಯಬಾರದು ಎಂಬುದು ಅವಳ ಹಟ. ಈ ಸಲದ್ದು ಆಸ್ಪತ್ರೆಯೊಂದಕ್ಕಾಗಿ ಮಾಡಿದ, ಮಾತ್ರೆ ನೆನಪಿಸುವ ಆ್ಯಪ್. ಅಕ್ಷರವೂ ಇಲ್ಲ, ಗಂಟೆಯ ಅಂಕಿಯೂ ಇಲ್ಲ, ಬರೀ ಚಿತ್ರ. ಹಾಸಿಗೆಯಿಂದ ಏಳುತ್ತಿರುವ ಮನುಷ್ಯನ ಚಿತ್ರ ಬೆಳಗಿನ ಮಾತ್ರೆಗೆ, ಚಂದ್ರ ರಾತ್ರಿಯ ಮಾತ್ರೆಗೆ. ಆ ಚಿತ್ರಗಳನ್ನು ಆರಿಸಿದವಳು ಅವಳೇ.

ಮರುದಿನ ಆ ಮುದುಕನನ್ನು ಮತ್ತೆ ಕರೆಸಿ, ಅದೇ ಕೆಲಸವನ್ನು ಒಬ್ಬನೇ ಮಾಡುವಂತೆ ಹೇಳಿದಳು. ಅವನಿಗೆ ಮೊದಲ ಗುಂಡಿಯೇ ಸಿಗಲಿಲ್ಲ.

"ನೀವು ಹೇಳಿದ್ದು ನಿಜ," ಎಂದಳು ದುಭಾಷಿಗೆ, ಗೋಡೆ ನೋಡುತ್ತಾ.

"ಗೋಡೆಗೆ ಹೇಳಿದ್ರೋ, ನನಗೆ ಹೇಳಿದ್ರೋ?"

ಅವಳಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಂದ ಅವರಿಬ್ಬರಿಗೆ ಊಟದ ಹೊತ್ತು ಒಂದಾಯಿತು, ಮನೆಗೆ ಹೋಗುವ ಬಸ್ಸೂ ಒಂದಾಯಿತು. ಅವನ ಮನೆ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ ಎಂದು ಅವಳಿಗೆ ತಿಳಿದದ್ದು ಒಂದು ತಿಂಗಳ ಮೇಲೆ. ಅಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಬಾಯಿಬಿಟ್ಟು ಹೇಳುವುದೊಂದೇ ಬಾಕಿ. ಇಬ್ಬರೂ ಇಂದು ನಾಳೆ ಎಂದು ಕಾಯುತ್ತಿದ್ದರು.

ಆ್ಯಪ್ ಜನರ ಕೈಗೆ ಹೋಗಿ ಒಂಬತ್ತನೇ ವಾರ, ಒಬ್ಬ ಹೆಂಗಸು ಸತ್ತಳು.

ರಾತ್ರಿ ಪಾಳಿಯಲ್ಲಿ ಆಫೀಸುಗಳನ್ನು ಗುಡಿಸಿ ಒರೆಸುವವಳು. ಹಗಲೆಲ್ಲ ಮಲಗಿ ಸಂಜೆ ಏಳುವವಳು. ಅವಳ ಪಾಲಿಗೆ ಏಳುವ ಮನುಷ್ಯನೂ ಚಂದ್ರನೂ ಒಂದೇ ಹೊತ್ತಿಗೆ ಬರುತ್ತಿದ್ದರು. ಹನ್ನೆರಡು ಗಂಟೆ ಬಿಟ್ಟು ನುಂಗಬೇಕಾದ ರಕ್ತದೊತ್ತಡದ ಎರಡು ಮಾತ್ರೆಗಳನ್ನೂ ಒಟ್ಟಿಗೇ ನುಂಗುತ್ತಿದ್ದಳು. ಒತ್ತಡ ಇಳಿದು ತಲೆ ಸುತ್ತಿ, ಬಕೆಟ್ ಸಮೇತ ಮೆಟ್ಟಿಲಿನಿಂದ ಉರುಳಿದಳು.

ಆ ಹೆಂಗಸು ಪರೀಕ್ಷೆಗೆ ಬಂದವರಲ್ಲಿ ಒಬ್ಬಳು! ಇದೇ ಮೇಜಿನ ಮುಂದೆ ಕುಳಿತು ಹೋಗಿದ್ದಳು.

ವಿಚಾರಣೆ ಶುರುವಾಯಿತು. ಮೂರನೇ ದಿನಕ್ಕೆ ದುಭಾಷಿ ಒಂದು ಕಾಗದ ಬರೆದುಕೊಟ್ಟ. 'ಆಕೆ ಈ ತೊಂದರೆಯನ್ನು ಅಂದೇ ನನಗೆ ಹೇಳಿದ್ದರು. ನಾನು ಅದನ್ನು ಅನುವಾದಿಸಲಿಲ್ಲ. ತಪ್ಪು ನನ್ನದು.'

ಅವಳು ಕಾರಿಡಾರಿನಲ್ಲಿ ಅವನನ್ನು ತಡೆದು ನಿಲ್ಲಿಸಿದಳು.

"ನಿಜಾನಾ ಇದು?"

ಅವನು ನೆಲ ನೋಡಿದ.

"ಒಂದೇ ಒಂದು ಮಾತು ನನ್ನ ಕಿವಿಗೆ ಹಾಕಿದ್ರೆ ಆಯಮ್ಮ ಬದುಕಿರ್ತಿದ್ರು. ನೀನು ಕೊಂದೆ ಅವರನ್ನ... ಇನ್ನು ನನ್ನ ಕಣ್ಣಿಗೆ ಬೀಳಬೇಡ."

"ಆಯ್ತು," ಎಂದ ಅವನು. ಹೊರಟುಹೋದ. ತಿರುಗಿ ನೋಡಲೂ ಇಲ್ಲ.

'ಇಂಥವನನ್ನಾ ನಾನು...' ಶೌಚಾಲಯದ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು ಅತ್ತಳು.

ಮೇಲಧಿಕಾರಿಗೆ ಹೋದ ಜೀವ ಬಂದಂತಾಗಿತ್ತು. "ಸದ್ಯ, ನಾವು ಬಚಾವಾದ್ವಿ. ಆ ದಿನದ ರೆಕಾರ್ಡಿಂಗ್ ತೆಗೆದು, ಆಕೆ ಯಾವ ನಿಮಿಷದಲ್ಲಿ ಹೇಳಿದ್ದು ಅಂತ ಒಂದು ವರದಿ ಬರೆದುಬಿಡಿ. ಅವನು ಇನ್ನೆಲ್ಲೂ ದುಭಾಷಿ ಕೆಲಸ ಮಾಡೋ ಹಾಗಿಲ್ಲ."

ಹಳೆಯ ರೆಕಾರ್ಡಿಂಗ್ ಹುಡುಕಿ ತೆಗೆಯಲು ಹತ್ತು ದಿನ ಹಿಡಿಯಿತು. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಳು. ಸತ್ತವಳ ದನಿ ಕೇಳಿಸಿತು. ಮೆಲ್ಲಗಿನ, ಸಂಕೋಚದ ದನಿ. ಅದರ ಹಿಂದೆಯೇ ಅವನದು, ಸ್ಪಷ್ಟವಾಗಿ:

"ನಾನು ಏಳೋದೇ ಚಂದ್ರ ಬಂದ ಮೇಲೆ. ಹಾಗಾದ್ರೆ ಎರಡು ಮಾತ್ರೇನೂ ಒಟ್ಟಿಗೇ ತಗೊಳ್ಳೋದಾ, ಅಂತ ಕೇಳ್ತಿದ್ದಾರೆ."

ಕಾಗದ ತಿರುವಿದ ಸದ್ದು. ಆಮೇಲೆ ಇನ್ನೊಂದು ದನಿ.

"ಸರಿ. ಮುಂದಿನ ಪ್ರಶ್ನೆ."

ಅದು ಅವಳದೇ ದನಿ.

ಮತ್ತೆ ಹಾಕಿ ಕೇಳಿದಳು. ಇನ್ನೊಮ್ಮೆ ಕೇಳಿದಳು.

ಅದು ಅವಳ ಕಸುಬಿನ ನಿಯಮ. ಪರೀಕ್ಷೆಗೆ ಕುಳಿತವರು ಏನು ಕೇಳಿದರೂ ಉತ್ತರ ಕೊಡಬಾರದು, ಕೊಟ್ಟರೆ ಸುಳಿವು ಕೊಟ್ಟಂತೆ. 'ಸರಿ' ಎಂದು ಮುಂದೆ ಹೋಗಿ, ಆಮೇಲೆ ಬರೆದುಕೊಳ್ಳಬೇಕು. ಆ ದಿನ ಏಳು ಜನ ಕುಳಿತಿದ್ದರು. 'ಸರಿ' ಎಂದಳು, ಬರೆದುಕೊಳ್ಳಲಿಲ್ಲ. ನೋಟ್‌ಬುಕ್ ತೆಗೆದು ನೋಡಿದರೆ ಆ ಪುಟದಲ್ಲಿ ಅವಳದೇ ದುಂಡು ಅಕ್ಷರ: 'ತೊಂದರೆ ಇಲ್ಲ.'

ಒಂದು ಗುಂಡಿ ಒತ್ತಿ ಆ ರೆಕಾರ್ಡಿಂಗ್ ಅಳಿಸಬಹುದಿತ್ತು. ಹನ್ನೊಂದು ವರ್ಷದ ಕೆಲಸ, ಹೆಸರು ಉಳಿಯುತ್ತಿತ್ತು. ಸುಳ್ಳೇಕೆ, ಬೆರಳು ಆ ಗುಂಡಿಯ ಮೇಲೆ ಸ್ವಲ್ಪ ಹೊತ್ತು ಇತ್ತು.

ಮರುದಿನ ವಿಚಾರಣೆಯ ಕೋಣೆಯಲ್ಲಿ ಅದನ್ನು ಎಲ್ಲರ ಮುಂದೆ ಹಾಕಿ ಕೇಳಿಸಿದಳು. "ಕೊನೇ ದನಿ ನಂದು," ಎಂದಳು.

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಿ," ಎಂದು ಗೊಣಗಿದ ಮೇಲಧಿಕಾರಿ. ಸಂಜೆಯೊಳಗೆ ಆ್ಯಪ್ ನಿಂತಿತು, ಅವಳ ಕೆಲಸವೂ ಹೋಯಿತು.

ದುಭಾಷಿಯ ಮನೆಯ ಬಾಗಿಲು ತಟ್ಟಿದಾಗ ಅವಳಿಗೆ ಕ್ಷಮೆ ಕೇಳುವ ಧೈರ್ಯವೂ ಬರಲಿಲ್ಲ. ಬಾಗಿಲು ತೆರೆದವನು ಹನ್ನೆರಡು ದಿನಕ್ಕೇ ಇಳಿದುಹೋಗಿದ್ದ.

"ಆಯಮ್ಮನ ಮಗಳ ಹತ್ತಿರ ಹೋಗಬೇಕು," ಎಂದಳು. "ನನಗೆ ಅವರ ಭಾಷೆ ಬರೋಲ್ಲ. ಬರ್ತೀಯಾ?"

ಅವನು ಚಪ್ಪಲಿ ಮೆಟ್ಟಿಕೊಂಡ.

ಮಗಳ ಒಂಟಿ ಕೋಣೆಯಲ್ಲಿ ಒಂದು ಮಂಚ, ಒಂದು ಒಲೆ. ಗೂಟದಲ್ಲಿ ಸತ್ತವಳ ಕೆಲಸದ ಅಂಗಿ ಇನ್ನೂ ನೇತಾಡುತ್ತಿತ್ತು. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಅವನು ಅದನ್ನು ಮಗಳ ಭಾಷೆಗೆ ದಾಟಿಸಿದ. ಮಗಳು ಬಹಳ ಹೊತ್ತು ಮಾತಾಡಿದಳು, ಒಮ್ಮೆಯೂ ದನಿ ಏರಿಸದೆ. ದುಭಾಷಿ ಅನುವಾದಿಸಲು ಹಿಂಜರಿದ.

"ಹೇಳು. ಏನೂ ಬಿಡಬೇಡ."

"'ಆ ದಿನ ಅಮ್ಮ ಮನೆಗೆ ಬಂದು ನಿಮ್ಮನ್ನ ಹೊಗಳಿದ್ರು. ಈ ಊರಿಗೆ ಬಂದ ಮೇಲೆ ನನ್ನ ಮಾತು ಕೇಳೋಕೆ ಅಂತ ಕೂತವಳು ಇವಳೊಬ್ಬಳೇ ಅಂದ್ರು. ನಾನು ನಿಮ್ಮನ್ನ ಕ್ಷಮಿಸಲ್ಲ. ಹೊರಡಿ.'"

ಹೊರಗಿನ ಮೆಟ್ಟಿಲ ಮೇಲೆ ಅವಳು ಕುಳಿತುಬಿಟ್ಟಳು. ಅವನೂ ಪಕ್ಕದಲ್ಲಿ ಕುಳಿತ.

"ಯಾಕೆ ಹಾಗೆ ಬರೆದುಕೊಟ್ಟೆ? ನೀನು ಹೇಳಿದ್ದೆ. ಕೇಳದೇ ಇದ್ದದ್ದು ನಾನು."

"ಒಂದೇ ಸಲ ಹೇಳಿದೆ. ಮೊದಲ ದಿನ ಆಗಿದ್ರೆ ಜಗಳ ಆಡ್ತಿದ್ದೆ, ಇವರ ಮಾತು ಬರ್ಕೊಳಿ ಅಂತ. ಆದ್ರೆ ಆ ದಿನ..." ಅವನು ಕಣ್ಣು ಒರೆಸಿಕೊಂಡ. "ಅಷ್ಟೊತ್ತಿಗೆ ನೀನಂದ್ರೆ ನನಗೆ ಪ್ರಾಣ ಆಗಿತ್ತು. ನೀನು ಮುನಿಸಿಕೊಂಡ್ರೆ ಅಂತ ಸುಮ್ಮನಾದೆ. ಹಾಗೆ ಸುಮ್ಮನಿದ್ದದ್ದು ನನ್ನ ತಪ್ಪೇ ತಾನೆ?"

ಪ್ರೀತಿಯ ಮಾತನ್ನು ಹೀಗೆ, ಇಲ್ಲಿ ಕೇಳಬೇಕಾದೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಎಷ್ಟೋ ಹೊತ್ತು ಅತ್ತಳು.

"ನನಗೂ ನೀನಂದ್ರೆ ಪ್ರಾಣ," ಎಂದಳು ಕೊನೆಗೆ. "ಆದ್ರೆ ನನ್ನ ಮುಖ ನೋಡಿದಾಗಲೆಲ್ಲ ನಿನಗೆ ಆಯಮ್ಮ ನೆನಪಾಗ್ತಾರೆ."

"ಆಗ್ತಾರೆ."

"ಅಂಥವಳ ಜೊತೆ ಹೇಗೆ ಬದುಕ್ತೀಯ?"

"ಈ ಹನ್ನೆರಡು ದಿನ ನೀನಿರಲಿಲ್ಲ. ಆಗಲೂ ನೆನಪಾದ್ರು. ಒಬ್ಬನೇ ಇದ್ದೆ, ಅಷ್ಟೇ ವ್ಯತ್ಯಾಸ."

ಅವಳು ಅವನ ಕೈ ಹಿಡಿದುಕೊಂಡಳು. ಇಬ್ಬರ ಕೈಯೂ ತಣ್ಣಗಿತ್ತು.

"ಇನ್ಮೇಲೆ ಒಬ್ಬನೇ ಇರಬೇಡ."

"ನೀನೂ."