ಏಣಿ ಅಂಕಲ್ ನಂಬರ್ ಕೂಗಿದ್ದು

"ಏನ್ ಗುರು, ಓಳು ಬಿಡ್ತೀಯಾ?"

ಲಿಫ್ಟಿನೊಳಗೆ ಏಣಿ ಅಂಕಲ್ ಈ ಮಾತು ಕೇಳಿದ್ದು ಬೇರೆ ಯಾರನ್ನೋ ಅಲ್ಲ, ಪ್ರೆಸಿಡೆಂಟ್ ತಾತನನ್ನು! ಅವರು ಬಿಲ್ಡಿಂಗಿನ ಸಂಘಕ್ಕೆ ಅಧ್ಯಕ್ಷರು, ಹಿಂದೆ ಹೆಡ್‌ಮಾಸ್ಟರ್ ಆಗಿದ್ದವರು. ಅವರು ಕೆಮ್ಮಿದರೆ ಸಾಕು, ವಾಚ್‌ಮನ್ ಎದ್ದು ನಿಲ್ಲುತ್ತಿದ್ದ. ಪಾಪ, ತಾತ ಹೇಳಿದ್ದಾದರೂ ಇಷ್ಟೇ: "ದಿನಾ ಬೆಳಿಗ್ಗೆ ಬಿಲ್ಡಿಂಗ್ ಸುತ್ತ ಹತ್ತು ರೌಂಡ್ ಹಾಕ್ತೀನಿ."

ಮೂಲೆಯಲ್ಲಿ ಸ್ಕೂಲ್ ಬ್ಯಾಗ್ ಹಿಡಿದು ನಿಂತಿದ್ದ ಪೀಪಿ ಗೋಡೆಗೆ ಅಂಟಿಕೊಂಡಳು. ಅವಳ ದನಿ ಪೀಪಿಯ ಹಾಗೆ; ಅದಕ್ಕೇ ಆ ಹೆಸರು.

"ಯಾರ್ರೀ ನಿಮಗೆ ಇದನ್ನ ಕಲಿಸಿದ್ದು?" ತಾತನ ಮೀಸೆ ನಡುಗಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪೀಪಿ ಬ್ಯಾಗಿನ ಹಿಂದೆ ಮುಖ ಮುಚ್ಚಿಕೊಂಡಳು.

ಏಣಿ ಅಂಕಲ್ ತಮ್ಮ ತಲೆಗೆ ತಾಗುವಂತಿದ್ದ ಲಿಫ್ಟಿನ ಸೂರನ್ನೇ ನೋಡಿದರು. "ಕ್ಷಮಿಸಿ. ಹೇಳಲಾರೆ."

ಏಣಿ ಅಂಕಲ್ ಹೊರದೇಶದವರು. ಕನ್ನಡಕದ ಫ್ಯಾಕ್ಟರಿಗೆ ಹೊಸ ಮೆಷಿನ್ ಜೋಡಿಸಲು ಬಂದು ಮೇಲಿನ ಮನೆಯಲ್ಲಿದ್ದರು. ದಪ್ಪನೆಯ ಪುಸ್ತಕ ಓದಿ ಕನ್ನಡ ಕಲಿತಿದ್ದರು. ಬಂದ ದಿನವೇ ಪೀಪಿಯ ಅಮ್ಮನನ್ನು, "ಮಾನ್ಯ ಮಹಿಳೆಯೇ, ತಮ್ಮಲ್ಲಿ ಸುತ್ತಿಗೆ ಲಭ್ಯವಿದೆಯೇ?" ಎಂದು ಕೇಳಿದ್ದರು. ಅಮ್ಮ ನಕ್ಕೂ ನಕ್ಕೂ ಸುತ್ತಿಗೆ ಕೊಡುವುದನ್ನೇ ಮರೆತಿದ್ದಳು.

ಆಮೇಲೆ ಅವರು ಬಾಯಿ ಬಿಟ್ಟಲ್ಲೆಲ್ಲ ನಗು. ಪೀಪಿಗೆ ಅಯ್ಯೋ ಅನಿಸಿತು. ಸಂಜೆ ಮೆಟ್ಟಿಲ ಮೇಲೆ ಕ್ಲಾಸ್ ಶುರು ಮಾಡಿದಳು. ಟೀಚರ್ ಮೇಲಿನ ಮೆಟ್ಟಿಲು, ಸ್ಟೂಡೆಂಟ್ ಕೆಳಗಿನ ಮೆಟ್ಟಿಲು. ಹಾಗೆ ಕೂತರೆ ಮಾತ್ರ ಇಬ್ಬರ ತಲೆಯೂ ಸಮನಾಗಿ ಬರುತ್ತಿತ್ತು.

"ಸಕ್ಕತ್ ಅಂದ್ರೆ ತುಂಬಾ ಚೆನ್ನಾಗಿದೆ ಅಂತ. ಓಳು ಅಂದ್ರೆ ಸುಳ್ಳು. ಯಾರಾದ್ರೂ ಸುಳ್ಳು ಹೇಳಿದ್ರೆ, ಓಳು ಬಿಡಬೇಡ ಅನ್ಬೇಕು. ಗೊತ್ತಾಯ್ತಾ ಅಂಕಲ್?"

ಗೊತ್ತಾಗಿತ್ತು, ಚೆನ್ನಾಗಿಯೇ ಗೊತ್ತಾಗಿತ್ತು. ಆದರೆ ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಅನ್ನುವ ಪಾಠವನ್ನು ಟೀಚರಮ್ಮ ಮಾಡಿರಲೇ ಇಲ್ಲ.

ಲಿಫ್ಟಿನಲ್ಲಿ ಗಲಾಟೆಯಾದ ದಿನ ಸಂಜೆ ಪೀಪಿ ಮೆಟ್ಟಿಲ ಬಳಿ ಓಡಿದಳು. "ಅಂಕಲ್, ಕಲಿಸಿದ್ದೆಲ್ಲ ಮರೆತುಬಿಡಿ! ಅಮ್ಮಂಗೆ ಗೊತ್ತಾದ್ರೆ ಭಾನುವಾರ ನನ್ನ ಹೌಸಿ ಆಟಕ್ಕೆ ಬಿಡಲ್ಲ. ಇನ್ಮೇಲೆ ಪುಸ್ತಕದ ಥರಾನೇ ಮಾತಾಡಿ."

ಅಂಕಲ್ ಮಂಡಿ ಮಡಚಿ ಕೂತರು. "ಪುಸ್ತಕದ ಹಾಗೆ ಮಾತಾಡಿದರೆ ನಗುತ್ತಾರೆ. ನಿನ್ನ ಹಾಗೆ ಮಾತಾಡಿದರೆ ಬೈಯುತ್ತಾರೆ. ನಾನು ಯಾರ ಹಾಗೆ ಮಾತಾಡಲಿ?"



ಭಾನುವಾರ ಟೆರೇಸಿನಲ್ಲಿ ಹೌಸಿ. ಒಬ್ಬರು ಡಬ್ಬಿಯಿಂದ ನಂಬರ್ ತೆಗೆದು ಕೂಗುತ್ತಾರೆ. ಚೀಟಿಯಲ್ಲಿ ಆ ನಂಬರ್ ಇದ್ದವರು ಅದನ್ನು ಹೊಡೆದುಹಾಕುತ್ತಾರೆ. ಎಲ್ಲ ನಂಬರನ್ನೂ ಮೊದಲು ಹೊಡೆದವರೇ ಗೆದ್ದಂತೆ. ಆದರೆ ಈ ಬಿಲ್ಡಿಂಗಿನಲ್ಲಿ ಬರೀ ನಂಬರ್ ಕೂಗಿದರೆ ನಡೆಯದು, ಜೊತೆಗೊಂದು ತಮಾಷೆಯೂ ಬೇಕು. ಕಳೆದ ಸಲ ಮೆಡಿಕಲ್ ಶಾಪ್ ಆಂಟಿ, "ಹನ್ನೊಂದು! ಏಣಿ ಅಂಕಲ್ ಕಾಲು!" ಎಂದು ಕೂಗಿ ಎಲ್ಲರ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದರು.

ಈ ಸಲ ಕೂಗುವ ಸರದಿ ಏಣಿ ಅಂಕಲ್‌ದು.

"ಇಪ್ಪತ್ತೆರಡು," ಎಂದರು. "ಅರವತ್ತು," ಎಂದರು. ಅಷ್ಟೇ. ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗಿತ್ತು. "ಸಪ್ಪೆ, ಸಪ್ಪೆ!" ಎಂದರು ಮಕ್ಕಳು. ಯಾರೋ ಆಕಳಿಸಿದರು. ಅಂಕಲ್ ಪ್ರತಿ ಸಲವೂ ಪೀಪಿಯ ಕಡೆ ನೋಡಿ ತಲೆ ತಗ್ಗಿಸುತ್ತಿದ್ದರು. ಪೀಪಿಗೆ ಆಟವೇ ಬೇಡವಾಯಿತು.

"ಹೌಸಿ!" ಪ್ರೆಸಿಡೆಂಟ್ ತಾತ ಚೀಟಿ ಬೀಸುತ್ತ ಎದ್ದರು. ಬಹುಮಾನದ ಫ್ಲಾಸ್ಕಿಗೆ ಆಗಲೇ ಕೈ ಚಾಚಿದ್ದರು.

ಅಂಕಲ್ ಚೀಟಿ ನೋಡಿದರು. "ನಲವತ್ತೇಳು ಬಂದಿಲ್ಲ."

"ಬಂದಿದೆ! ನನ್ನ ಕಿವಿಯಾರೆ ಕೇಳಿದೀನಿ."

ಬಂದಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

"ಮಾನ್ಯರೇ, ಇದು... ಇದು..." ಅಂಕಲ್ ತಡವರಿಸಿದರು. ಮಾತು ತುದಿನಾಲಿಗೆಗೆ ಬಂದಿದೆ ಎಂದು ಪೀಪಿಗೆ ಕಾಣುತ್ತಿತ್ತು. ಅವಳತ್ತ ಒಮ್ಮೆ ನೋಡಿ ಅಂಕಲ್ ಬಾಯಿ ಮುಚ್ಚಿಕೊಂಡರು.

ಲಿಫ್ಟಿನಲ್ಲಿ ಬೈಸಿಕೊಂಡಾಗಲೂ ಅವರು ಅವಳ ಹೆಸರು ಹೇಳಿರಲಿಲ್ಲ.

ಪೀಪಿ ಚಂಗನೆ ಎದ್ದಳು. "ಬಾಯಿಗೆ ಬಂದಿದ್ದು ಹೇಳಿಬಿಡಿ ಅಂಕಲ್! ಅವತ್ತು ಲಿಫ್ಟಲ್ಲಿ ಹೇಳಿದ್ದನ್ನೂ ನಾನೇ ಕಲಿಸಿದ್ದು!"

ಪಕ್ಕದ ಬಿಲ್ಡಿಂಗಿಗೂ ಕೇಳಿಸಿರಬೇಕು. ಅಮ್ಮನ ಕಣ್ಣು ಇಷ್ಟಗಲವಾಯಿತು.

ಅಂಕಲ್ ಬೆನ್ನು ನೆಟ್ಟಗೆ ಮಾಡಿಕೊಂಡರು. ಎರಡೂ ಕೈ ಜೋಡಿಸಿ ತಾತನಿಗೆ ಬಾಗಿ ವಂದಿಸಿದರು.

"ಪರಮಪೂಜ್ಯರೇ, ತಾವು ದಯವಿಟ್ಟು ಓಳು ಬಿಡಬಾರದಾಗಿ ವಿನಂತಿ."



ಮೊದಲು ನಕ್ಕವರು ತಾತನ ಹೆಂಡತಿ. "ಮದುವೆ ಆದಾಗಿಂದ ನಾನು ಹೇಳ್ಬೇಕು ಅಂತಿದ್ದ ಮಾತು ಕಣಪ್ಪಾ ಇದು!" ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನಗು ತಡೆಯುವವರಿಲ್ಲ. ವಾಚ್‌ಮನ್ ಕೂಡ ನಕ್ಕ.

ತಾತ ಕನ್ನಡಕ ಏರಿಸಿ ಚೀಟಿ ನೋಡಿದರು, ಅಂಕಲ್ ಕಡೆ ನೋಡಿದರು. ಮೀಸೆ ಮತ್ತೆ ನಡುಗಿತು, ಈ ಸಲ ನಗು ತಡೆಯಲಾರದೆ. "ಆಯ್ತಪ್ಪಾ, ಬಂದಿಲ್ಲ. ಮುಂದಿನ ನಂಬರ್ ಕೂಗಿ."

"ಎಂಟು! ಮಲಗಿಸಿದರೆ ಪ್ರೆಸಿಡೆಂಟರ ಕನ್ನಡಕ!"

ಮನೆಗೆ ಬಂದ ಮೇಲೆ ಅಮ್ಮ ಪೀಪಿಯ ಕಿವಿ ಹಿಂಡಿದ್ದು ನಿಜ. ನಗುತ್ತ ಹಿಂಡಿದ್ದರಿಂದ ಅಷ್ಟೇನೂ ನೋಯಲಿಲ್ಲ.

ಮರುದಿನ ಬೆಳಿಗ್ಗೆ ಲಿಫ್ಟಿನಲ್ಲಿ ಮತ್ತೆ ಮೂವರೂ ಸೇರಿದರು. ತಾತ ಬೆವರು ಒರೆಸಿಕೊಂಡು, "ಇವತ್ತೂ ಹತ್ತು ರೌಂಡ್..." ಎಂದರು.

ಅಂಕಲ್‌ನ ಹುಬ್ಬು ಮೇಲೇರಿತು.

"ಸರಿ, ಆರು," ಎಂದರು ತಾತ.

"ಸಕ್ಕತ್, ಗುರುಗಳೇ!" ಅಂಕಲ್ ಬಾಗಿ ವಂದಿಸಿದರು. ತಾತ ಖುಷಿಯಿಂದ ಕಾಲರ್ ಸರಿಮಾಡಿಕೊಂಡರು.

ಹೀಗೆ ಹೇಳುವುದನ್ನು ಪೀಪಿ ಕಲಿಸಿರಲಿಲ್ಲ. ದಪ್ಪ ಪುಸ್ತಕದಲ್ಲೂ ಇದ್ದಿರಲಾರದು. ಅವಳು ಸದ್ದಿಲ್ಲದೆ ಒಮ್ಮೆ ಹೇಳಿ ನೋಡಿದಳು: ಸಕ್ಕತ್, ಗುರುಗಳೇ.

ಇವತ್ತು ಸಂಜೆ ತಾನು ಕೆಳಗಿನ ಮೆಟ್ಟಿಲಲ್ಲಿ ಕೂರಬೇಕು ಎಂದುಕೊಂಡಳು.