ಉಸಿರಿಗೆ ಜಾಗ ಇಲ್ಲದ ನಾಟ್ಯಮಾಲೆ

ಈ ಕತೇನ ಯಾರ್ಗೂ ಹೇಳ್ಬೇಡ ಅಂದಿದ್ರು ನಮ್ಮ ದೊಡ್ಡಮ್ಮ. ಕೇಳಿದೋರಿಗೂ ಕತೇಲಿರೋ ಸುಸ್ತು ಅಂಟ್ಕೊಳುತ್ತಂತೆ. ಆದ್ರೂ ಹೇಳ್ತೀನಿ, ಮೊದಲ್ನೇ ಸಲ.

ತುಂಬಾ ಹಿಂದೆ ಪವನಗಿರಿ ಅಂತ ಒಂದು ರಾಜ್ಯ ಇತ್ತು. ಅಲ್ಲಿನ ರಾಜಕುಮಾರಿ ಕನಕಲತೆ ಒಂದಿನ ಕುಣಿದು ಸುಸ್ತಾಗಿ, ನಾಟ್ಯದ ಮಧ್ಯೆನೇ ಕೂತ್ಬಿಟ್ಲು. ನಾಟ್ಯ ನೋಡೋಕೆ ಬಂದಿದ್ದ ಒಬ್ಬ ಮಾಂತ್ರಿಕನಿಗೆ ಸಿಟ್ಟು ಬಂತು.

"ನನ್ನೆದುರು ಕೂರ್ತೀಯಾ? ಕುಣೀತಾನೇ ಇರು! ಸಂಗೀತ ನಿಂತ್ರೆ ನಿನ್ನ ಪ್ರಾಣ ಹೋಗುತ್ತೆ."

ವೀಣೆಯೋರು ಹಗಲೂ ರಾತ್ರಿ ನುಡಿಸಿದ್ರು. ಮೂರನೇ ವಾರ ತಂತಿಗಳೆಲ್ಲ ಹಾವಾಗಿ ಹರಿದುಹೋದ್ವು. ಒಂದೇ ಒಂದು ತಂತಿ ಉಳೀತು, ಅದನ್ನೇ ಬಿಡದೆ ಮೀಟ್ತಾ ಇದ್ರು.

ಆನೆ ಮುಂದೆ ಊದ್ಕೊಂಡು ಹೋಗೋ ಮೇಳ ಒಂದಿತ್ತು. ಓಲಗ, ಕಹಳೆ, ಕೊಂಬು, ಕೊಳಲು, ಒಟ್ಟು ಅರವತ್ತು ಜನ. ಅವರಿಗೆ ಯಾವ ಸ್ವರ ಊದ್ಬೇಕು ಅನ್ನೋ ಪಾಠ ಬರ್ಕೊಡ್ತಿದ್ದೋಳು ಚೆಲ್ವಿ. ರಾಜ ಅವಳ ಹತ್ರ ಬಂದ.

"ವೀಣೆ ಪಾಠನ ಊದೋರಿಗೆ ಆಗೋ ಹಂಗೆ ಬರ್ಕೊಡಮ್ಮ. ನನ್ನ ಮಗಳು ಉಳೀಬೇಕು."

ಮೊದಲ್ನೇ ದಿನ ಚೆಲ್ವಿ ಇದ್ದಿದ್ದನ್ನ ಇದ್ದಂಗೇ ಬರೆದ್ಲು. ನಾಟ್ಯದ ಮೊದಲ್ನೇ ಭಾಗ ಅಲರಿಪ್ಪು ಮುಗಿಯೋಷ್ಟ್ರಲ್ಲಿ ಕಹಳೆಯೋರು ಸಾಲಾಗಿ ಬಿದ್ರು.

"ತಂತಿಗೆ ಎದೆ ಇಲ್ಲ ಕಣವ್ವಾ, ನಮಗೈತೆ," ಅಂದ ಓಲಗದ ಕರಿಯಣ್ಣ. "ಉಸಿರು ಎಲ್ಲಿ ತಗೊಳ್ಲಿ, ನಿನ್ ಕಾಗದದ ಹಿಂದ್ಗಡೇನಾ?"

ಎರಡ್ನೇ ದಿನ ಮೇಳನ ಎರಡು ಮಾಡಿದ್ಲು. ಇವರು ಉಸಿರು ತಗೊಂಡಾಗ ಅವರು ಊದೋದು. ಎಲ್ಲೂ ತುಂಡಾಗ್ಲಿಲ್ಲ. ಆದ್ರೆ ರಾಜಕುಮಾರಿ ಕಾಲು ಇನ್ನೂ ಜೋರಾಯ್ತು, ನೆಲದ ಮೇಲೆ ರಕ್ತ. ಮಾಂತ್ರಿಕ ಚಪ್ಪಾಳೆ ತಟ್ಟಿದ.

"ಭೇಷ್! ಹಿಂಗಾದ್ರೆ ಸಾವಿರ ವರ್ಷ ಕುಣೀಬಹುದು."

ಮೂರನೇ ದಿನ ಚೆಲ್ವಿ ಕುಣಿಯೋಳ ಪಕ್ಕದಲ್ಲೇ ಓಡ್ತಾ ಕೇಳಿದ್ಲು.

"ಅಮ್ಮಣ್ಣಿ, ಸದ್ದು ಎಲ್ಲಿ ನಿಲ್ಲುತ್ತೋ ಅಂತ ಹೆದರೋನು ಆ ಮಾಂತ್ರಿಕನೇ ಅನ್ಸುತ್ತೆ. ಇಲ್ದಿದ್ರೆ ನಿನ್ನೆ ಯಾಕೆ ಅಷ್ಟು ಖುಷಿಪಟ್ಟ? ಆದ್ರೆ ನನ್ನ ಲೆಕ್ಕ ತಪ್ಪಿದ್ರೆ..."

"ತಪ್ಲಿ ಕಣೇ. ನಾಟ್ಯ ಮುಗಿಸೋ ತಿಲ್ಲಾನದ ಕೊನೇ ಹೆಜ್ಜೆ ಆದ್ಮೇಲೆ ನಿಲ್ಸು. ಎಲ್ರೂ ಒಟ್ಟಿಗೆ."

ಚೆಲ್ವಿ ಹಂಗೇ ಬರೆದ್ಲು. ಕೊನೇ ಹೆಜ್ಜೆ ಬಿತ್ತು. ಅರವತ್ತು ಜನ ಒಟ್ಟಿಗೆ ಉಸಿರೆಳ್ಕೊಂಡ್ರು. ಉಳಿದಿದ್ದ ಒಂದು ತಂತಿನ ಚೆಲ್ವಿ ಅಂಗೈಯಿಂದ ಅದುಮಿದ್ಲು, ಸದ್ದೆಲ್ಲ ನಿಂತ್ಹೋಯ್ತು.

ಮಾಂತ್ರಿಕ ಬದುಕಿದ್ದೇ ಆ ನಿಲ್ಲದ ಸದ್ದಿನ ಮೇಲೆ. ಬೂದಿಯಾಗಿ ಉದುರಿಹೋದ.

ರಾಜಕುಮಾರಿ ಕಾಲು ನಿಂತ್ವು. ಅವಳೂ ಉಸಿರೆಳ್ಕೊಂಡ್ಲು. ಗೋಡೆ ಹಿಡ್ಕೊಂಡು ಒಳಗೆ ಹೋದ್ಲು.

ಪವನಗಿರಿಯೋರೆಲ್ಲ ಸುಖವಾಗಿದ್ರು. ಅಂದ್ರೆ, ಮಲಗಿದ್ರು. ರಾಜ ಒಬ್ಬನೇ ಪಾಯಸದ ಬಟ್ಟಲು ಹಿಡ್ಕೊಂಡು ಮಗಳ ಕೋಣೆ ಹತ್ರ ಬಂದ.

"ಮಗಳೇ, ಪಾಯಸ ಆರ್ಹೋಗುತ್ತೆ."

ಬಾಗಿಲು ಮುಚ್ಚಿತ್ತು. ಇನ್ನೊಂದ್ಸಲ ತಟ್ಟಿದ. ಒಳಗಿಂದ ಅವಳ ಗೊರಕೆ ಕೇಳಿಸ್ತು.